ಪ್ರಶ್ನೆಪತ್ರಿಕೆಯಲ್ಲಿ ಘಾತಾಂಕ ಕೆಳಗಿಳಿದಾಗ

ಎಂಟನೆಯ ತರಗತಿಯ ಕಿರುಪರೀಕ್ಷೆಗೆ ನಾನು ಸಿದ್ಧಪಡಿಸಿದ್ದ ಪತ್ರಿಕೆಯಲ್ಲಿ 2³ × 2⁴ ಎಂಬುದನ್ನು ಸುಲಭ ರೂಪಕ್ಕೆ ತರುವ ಪ್ರಶ್ನೆಯೊಂದಿತ್ತು. ಹಾಸನದ ಬಸ್ ನಿಲ್ದಾಣದ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಅದನ್ನು ಬೇರೆ ಕಡತಕ್ಕೆ ಅಂಟಿಸಿ ಪುಟಕ್ಕೆ ಹೊಂದಿಸುವಾಗ ಮೇಲೇರಿಸಿದ್ದ ಅಂಕಿಗಳು ಕೆಳಗಿಳಿದು, 23 × 24 ಎಂದು ಅಚ್ಚಾಯಿತು. ಕರಡು ನೋಡದೆ ಕಟ್ಟು ತಂದದ್ದು ನನ್ನ ತಪ್ಪು. ಸಕಲೇಶಪುರದ ಬಸ್ಸಿನಲ್ಲಿ ಕುಳಿತು ಉತ್ತರಪತ್ರಿಕೆಗಳನ್ನು ತಿರುವುತ್ತಿದ್ದಾಗ, ಒಬ್ಬ ಹುಡುಗಿ ಅಂಚಿನಲ್ಲಿ ಅಚ್ಚುಕಟ್ಟಾಗಿ ಗುಣಿಸಿ 552 ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದದ್ದು ಕಂಡಿತು. ಬರಬೇಕಿದ್ದ ಉತ್ತರ 2⁷, ಅಂದರೆ 128. ಅವಳಿಗೆ ಪೂರ್ಣ ಅಂಕ ಕೊಟ್ಟೆ. ಆ ಸಂಜೆಯೇ ಸಮೀಕರಣಗಳನ್ನು ಸರಿಯಾಗಿ ಟೈಪಿಸುವುದನ್ನು ಕಲಿಯಲು ಕುಳಿತೆ.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ 2007ರ ಆವೃತ್ತಿಯಿಂದಲೇ ಇದಕ್ಕೊಂದು ಒಳ್ಳೆಯ ಸೌಲಭ್ಯವಿದೆ. ಆಲ್ಟ್ ಕೀಲಿಯನ್ನು ಹಿಡಿದು ಸಮಚಿಹ್ನೆಯ ಕೀಲಿಯನ್ನು ಒತ್ತಿದರೆ ಸಮೀಕರಣದ ಚೌಕ ತೆರೆಯುತ್ತದೆ. ಅದರೊಳಗೆ 2^3 ಎಂದು ಬರೆದು ಸ್ಪೇಸ್ ಒತ್ತಿದ ಕೂಡಲೇ ಮೂರು ತಾನಾಗಿ ಮೇಲೇರಿ ಕೂರುತ್ತದೆ. ಭಿನ್ನರಾಶಿಗೆ ಓರೆಗೆರೆ ಸಾಕು, ಆದರೆ ಆವರಣಗಳ ಮೇಲೆ ಗಮನವಿರಬೇಕು: (3+5)/4 ಎಂದರೆ ಇಡೀ ಮೊತ್ತ ಅಂಶಸ್ಥಾನಕ್ಕೆ ಹೋಗಿ ಆವರಣ ಮಾಯವಾಗುತ್ತದೆ, ಬೆಲೆ 2, ಆವರಣವಿಲ್ಲದೆ 3+5/4 ಎಂದರೆ ಐದು ಮಾತ್ರ ನಾಲ್ಕರ ಮೇಲೇರುತ್ತದೆ, ಬೆಲೆ ನಾಲ್ಕೂಕಾಲು. ತರಗತಿಯಲ್ಲಿ ಆವರಣದ ನಿಯಮವನ್ನು ಎಷ್ಟು ಸಲ ಹೇಳಿದರೂ ಹಿಡಿಯದ ಮಕ್ಕಳು, ಪರದೆಯ ಮೇಲೆ ಇದನ್ನು ಕಣ್ಣಾರೆ ಕಂಡಾಗ ಒಮ್ಮೆಗೇ ಹಿಡಿದರು. ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿಯೂ ಸಮೀಕರಣ ಬರೆಯಬಹುದು. ಅಲ್ಲಿ ಭಿನ್ನರಾಶಿಗೆ ಓರೆಗೆರೆಯ ಬದಲು ಓವರ್ (over) ಎಂಬ ಪದವನ್ನು ಬಳಸಬೇಕು.

ಕನ್ನಡ ಮಾಧ್ಯಮದ ನಮಗೆ ಇನ್ನೊಂದು ತೊಡಕಿದೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿಯೇ ಕನ್ನಡದ ಆಕಾರಗಳನ್ನು ಇಟ್ಟುಕೊಂಡಿರುವುದರಿಂದ, ಇಡೀ ಪುಟವನ್ನು ಆಯ್ದು ಫಾಂಟ್ ಬದಲಿಸಿದರೆ ಸಾಲಿನ ನಡುವೆ ಹಾಗೆಯೇ ಟೈಪಿಸಿದ ಎಕ್ಸ್, ವೈ ಅಕ್ಷರಗಳು ಅರ್ಥವಿಲ್ಲದ ಕನ್ನಡ ತುಣುಕುಗಳಾಗುತ್ತವೆ. ಸಮೀಕರಣದ ಚೌಕದೊಳಗೆ ಗಣಿತದ ಫಾಂಟ್ ಮಾತ್ರ ನಿಲ್ಲುವುದರಿಂದ ಅಲ್ಲಿ ಬರೆದದ್ದಕ್ಕೆ ಈ ಅಪಾಯವಿಲ್ಲ. ವೇಗ, ದೂರ, ಕಾಲ ಮುಂತಾದ ಪದಗಳನ್ನು ಸೂತ್ರದೊಳಗೇ ತರಬೇಕಾದಾಗ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿ, ಉದ್ಧರಣ ಚಿಹ್ನೆಗಳ ನಡುವೆ ಬರೆದರೆ ವರ್ಡ್ ಅವನ್ನು ಸಾಧಾರಣ ಪಠ್ಯವೆಂದೇ ಎಣಿಸುತ್ತದೆ.

ಕಡತವನ್ನು ಹಳೆಯ ಡಾಕ್ (.doc) ರೂಪದಲ್ಲಿ ಉಳಿಸಬಾರದು. ಹಾಗೆ ಉಳಿಸಿದರೆ ಸಮೀಕರಣಗಳೆಲ್ಲ ಬರಿಯ ಚಿತ್ರಗಳಾಗಿಬಿಡುತ್ತವೆ. ಕಡತ ಆ ರೂಪದಲ್ಲಿ ಇರುವವರೆಗೆ ಮುಂದಿನ ವರ್ಷ ಅವುಗಳಲ್ಲಿ ಒಂದು ಅಂಕಿಯನ್ನೂ ಬದಲಿಸಲಾಗದು. 2007ಕ್ಕೂ ಹಿಂದಿನ ಈಕ್ವೇಷನ್ ಎಡಿಟರ್ ಅನ್ನು ಭದ್ರತಾ ದೋಷದ ಕಾರಣಕ್ಕೆ 2018ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತೆಗೆದುಹಾಕಿದೆ. ಆದ್ದರಿಂದ ಅದರಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆಗಳನ್ನು ಬಿಡುವಾದಾಗಲೆಲ್ಲ ಒಂದೊಂದಾಗಿ ಹೊಸದಾಗಿ ಬರೆಯುತ್ತಿದ್ದೇನೆ.

ಈಗ ಅಂಗಡಿಗೆ ಪಿಡಿಎಫ್ ಅನ್ನೇ ಕೊಂಡೊಯ್ಯುತ್ತೇನೆ. ಮೊದಲ ಪ್ರತಿಯನ್ನು ಬಾಗಿಲ ಬೆಳಕಿಗೆ ಹಿಡಿದು, ಘಾತಾಂಕಗಳನ್ನೆಲ್ಲ ಪೆನ್ನಿನ ತುದಿಯಿಂದ ಮುಟ್ಟಿ ನೋಡಿದ ಮೇಲೆಯೇ ಉಳಿದ ಪ್ರತಿಗಳನ್ನು ತೆಗೆಯಲು ಹೇಳುತ್ತೇನೆ.