ಮೇಜಿನ ಸುತ್ತ ನಾಲ್ಕು ಜನ, ನಕ್ಷೆ ಒಂದೇ

ಹೋಂಸ್ಟೇಗಳ ಹಜಾರದಲ್ಲಿ ಇಡುವಂಥ, ಮೇಜಿನಷ್ಟು ದೊಡ್ಡ ಟಚ್ ಸ್ಕ್ರೀನಿಗೆ ಕೊಡಗಿನ ನಕ್ಷೆ ಮಾಡುತ್ತಿದ್ದೇನೆ. ಮೊಬೈಲಿನಲ್ಲಿ ನಡೆಯುವ ಬೆರಳಿನ ಸನ್ನೆಗಳನ್ನೇ (ಎಳೆಯುವುದು, ಎರಡು ಬೆರಳು ಅಗಲಿಸಿ ದೊಡ್ಡದು ಮಾಡುವುದು) ಇಲ್ಲಿ ತಂದು ಹಾಕಿದರೆ ಆಯ್ತಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ.

ಮೊಬೈಲ್ ಒಬ್ಬರ ಕೈಯಲ್ಲಿ ಇರುತ್ತದೆ, ಮೇಜಿನ ಸುತ್ತ ಇಡೀ ಮನೆಯವರು ನಿಂತಿರುತ್ತಾರೆ. ಒಬ್ಬರು ಭಾಗಮಂಡಲದ ಮೇಲೆ ಬೆರಳಿಟ್ಟು ಎಳೆಯುವಾಗಲೇ ಎದುರಿನವರು ಕುಶಾಲನಗರವನ್ನು ತಮ್ಮ ಕಡೆ ಎಳೆದರೆ, ಯಾರೋ ಒಬ್ಬರೇ ಎರಡು ಬೆರಳು ಅಗಲಿಸಿದರು ಅಂದುಕೊಂಡು ಕಂಪ್ಯೂಟರ್ ಇಡೀ ನಕ್ಷೆಯನ್ನೇ ಹಿಗ್ಗಿಸಿಬಿಡುತ್ತದೆ. ಮಿತ್ಸುಬಿಷಿ ಲ್ಯಾಬಿನವರು 2001ರಲ್ಲಿ ತೋರಿಸಿದ ಡೈಮಂಡ್‌ಟಚ್ ಮೇಜಿಗೆ ಮುಟ್ಟಿದವರು ಯಾರು ಅಂತ ಗೊತ್ತಾಗುತ್ತಿತ್ತು. ಮೇಜಿನಿಂದ ಸಣ್ಣ ಸಿಗ್ನಲ್ ಮುಟ್ಟಿದವರ ಮೈ ಮೂಲಕ ಅವರ ಕುರ್ಚಿಗೆ ಹೋಗುತ್ತಿತ್ತು, ಎಷ್ಟು ಚೆಂದದ ಉಪಾಯ ಅಲ್ವಾ! ಈಗ ಸಿಗುವ ಸಾಮಾನ್ಯ ಸ್ಕ್ರೀನುಗಳಲ್ಲಿ ಅದಿಲ್ಲ. ಅದಕ್ಕೇ ದೂರ ದೂರ ಇರುವ ಎರಡು ಬೆರಳುಗಳನ್ನು ನಾನು ಜೂಮ್ ಅಂತ ಎಣಿಸುವುದೇ ಇಲ್ಲ. ಇಡೀ ನಕ್ಷೆ ಅಲುಗುವ ಬದಲು, ಮುಟ್ಟಿದ ಜಾಗ ಮಾತ್ರ ಸಣ್ಣ ಕಿಟಕಿಯಲ್ಲಿ ದೊಡ್ಡದಾಗಿ ಕಾಣುತ್ತದೆ, ಅದೂ ಮುಟ್ಟಿದವರ ಕಡೆಗೆ ತಿರುಗಿಕೊಂಡು. ಇಲ್ಲದಿದ್ದರೆ ಆಚೆ ಬದಿಯವರು ಊರಿನ ಹೆಸರನ್ನೆಲ್ಲ ತಲೆಕೆಳಗಾಗಿ ಓದಬೇಕು.

ಎರಡು ಬೆರಳಿಗೆ ಒಂದು ಕೆಲಸ, ಮೂರಕ್ಕೆ ಇನ್ನೊಂದು ಅಂತ ಇಡುವುದು ಸುಮ್ನೆ ಕಷ್ಟ ಕೊಟ್ಟಂತೆ. 2009ರಲ್ಲಿ ವೋಬ್ರಾಕ್, ಮಾರಿಸ್, ವಿಲ್ಸನ್ ಅನ್ನುವ ಮೂವರು ಸಂಶೋಧಕರು ಸೇರಿ ಇಂಥ ಮೇಜಿನ ಸನ್ನೆಗಳ ಬಗ್ಗೆ ಒಂದು ಅಧ್ಯಯನ ಮಾಡಿದರು. ತೆರೆಯ ಮೇಲೆ ಏನಾಗುತ್ತದೆ ಅಂತ ಮೊದಲು ತೋರಿಸಿ, ಹೀಗಾಗಬೇಕಾದರೆ ನೀವು ಕೈ ಹೇಗೆ ಆಡಿಸುತ್ತೀರಿ ಅಂತ 20 ಜನರನ್ನು ಕೇಳಿದರು, 27 ಕೆಲಸಗಳಿಗೆ. ಎಷ್ಟು ಬೆರಳು ಅನ್ನುವುದನ್ನು ಜನ ತಲೆಗೇ ಹಾಕಿಕೊಳ್ಳಲಿಲ್ಲ, ಒಂದೇ ಕೈಯಲ್ಲಿ ಆಗುವುದನ್ನೇ ಜಾಸ್ತಿ ಇಷ್ಟಪಟ್ಟರು. ಸನ್ನೆಗಳನ್ನು ರೂಪಿಸುವವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ನಮ್ಮ ಮಳೆಗಾಲ. ಕೊಡೆ ಮಡಚಿಟ್ಟು ಒದ್ದೆ ಕೈಯಲ್ಲೇ ಮುಟ್ಟುತ್ತಾರೆ, ಮೊಣಕೈ ಊರುತ್ತಾರೆ, ಕಾಫಿ ಲೋಟವನ್ನೂ ಅಲ್ಲೇ ಇಡುತ್ತಾರೆ, ಮೇಜು ಅಂದ ಮೇಲೆ ಇಡಲೇಬೇಕಲ್ಲ. ನೀರಿನ ಹನಿಯನ್ನೇ ಬೆರಳು ಅಂದುಕೊಳ್ಳುವ ಸ್ಕ್ರೀನುಗಳಿವೆ. ಹಾಗಾಗಿ ಅಗಲವಾಗಿ ತಾಗಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು. ಬೆರಳಿಟ್ಟ ಕೂಡಲೇ ಅದರ ಸುತ್ತ ಒಂದು ಬಳೆ ಮೂಡಬೇಕು, ಇಲ್ಲದಿದ್ದರೆ ಗೊತ್ತಾಗಲಿಲ್ಲವೇನೋ ಅಂತ ಜನ ಇನ್ನೂ ಜೋರಾಗಿ ಒತ್ತುತ್ತಾರೆ. ಅಳಿಸುವಂಥ ಕೆಲಸವನ್ನಂತೂ ಬರಿಯ ಸನ್ನೆಗೆ ಬಿಡಬಾರದು, ಕಣ್ಣಿಗೆ ಕಾಣುವ ಬಟನ್ ಬೇಕು. ‘ಹಿಂದಕ್ಕೆ’ ಬಟನ್ ಮೇಜಿನ ನಾಲ್ಕೂ ಬದಿಗೆ ಇರಲಿ, ಆಚೆ ಕೂತ ಅಜ್ಜಿ ಅದಕ್ಕಾಗಿ ಎದ್ದು ಸುತ್ತಿ ಬರುವಂತಾಗಬಾರದು.