ಅಡುಗೆ ಬಾರದ ಅಜ್ಜಿ

"ಇಲ್ಲಪ್ಪ, ನಮ್ಮಜ್ಜಿಗೆ ಅಡುಗೇನೇ ಬರ್ತಿರಲಿಲ್ಲ."

ಕಳೆದ ಭಾನುವಾರ ಶಿವಮೊಗ್ಗದ ಚಿಕ್ಕಮ್ಮನ ಮನೆಯಲ್ಲಿ ಕೇಳಿದ ಈ ಮಾತು ವಾರವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಚಿಕ್ಕಮ್ಮ ಅದನ್ನು ನಗಿಸಲೆಂದು ಹೇಳಿರಲಿಲ್ಲ. ಕೇಳಿದ ಪ್ರಶ್ನೆಗೆ ಇದ್ದದ್ದನ್ನು ಹೇಳಿದ್ದರು, ಅಷ್ಟೆ. ಕೇಳಿದಾತ ಅವರ ಮಗ ಬೆಂಗಳೂರಿನಿಂದ ಕರೆತಂದಿದ್ದ ಬ್ರ್ಯಾಂಡಿಂಗ್ ಸಲಹೆಗಾರ. "ಆಂಟಿ, ಈ ರೆಸಿಪಿ ನಿಮ್ಮ ಅಜ್ಜಿ ಕಾಲದ್ದು ಅಲ್ವಾ?" ಎಂದು ಬಹಳ ವಿಶ್ವಾಸದಿಂದ ಕೇಳಿದ್ದ. ಉತ್ತರ ಕೇಳಿದ ಮೇಲೆ ಕೈಯಲ್ಲಿದ್ದ ಟ್ಯಾಬನ್ನು ಟೀಪಾಯಿಯ ಮೇಲಿಟ್ಟು ಸುಮ್ಮನೆ ಕುಳಿತ.

ಸಾರಿನ ಪುಡಿಯ ಹೊಸ ಪೊಟ್ಟಣದ ಹಿಂಬದಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಡಲು ನನ್ನನ್ನು ಕರೆಸಿದ್ದರು. ಆ ನಾಲ್ಕು ಸಾಲಿನಲ್ಲಿ ಏನೇನಿರಬೇಕೆಂಬುದನ್ನು ಆತ ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದ: ಮಲೆನಾಡಿನ ಮಳೆ, ಹಿತ್ತಾಳೆಯ ಪಾತ್ರೆ, ಒರಳುಕಲ್ಲು, ಅಜ್ಜಿಯ ಕೈರುಚಿ. ಗಿರಾಕಿಗಳು ಕೊಳ್ಳುವುದು ಪುಡಿಯನ್ನಲ್ಲ, ಕಥೆಯನ್ನು ಎಂಬುದು ಆತನ ಪಾಠ. ಹುಡುಗ ಕೆಟ್ಟವನೇನಲ್ಲ, ಪೊಟ್ಟಣದ ತೂಕ, ಬೆಲೆಗಳ ಬಗ್ಗೆ ಆತ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ನನಗೆ ಬೇಸರವಾದದ್ದು ನನ್ನ ತಮ್ಮನ ಮೇಲೆ. ಹನ್ನೊಂದು ವರ್ಷದಿಂದ ಕಣ್ಣೆದುರೇ ಬಾಣಲೆಯ ಮುಂದೆ ನಿಂತಿರುವ ತಾಯಿಗಿಂತ, ತಾನು ಮುಖವನ್ನೇ ನೋಡಿರದ ಮುತ್ತಜ್ಜಿಯ ಮೇಲೆ ಅವನಿಗೆ ಹೆಚ್ಚು ಭರವಸೆಯಿತ್ತು.

ಆ ಮುತ್ತಜ್ಜಿ ಅಡಿಕೆ ಸುಲಿಯುವುದರಲ್ಲಿ ಊರಿಗೇ ಮೊದಲಿಗರಂತೆ. ಒಲೆಯ ಬಳಿ ಸುಳಿದವರಲ್ಲವಂತೆ. ಮನೆಯಲ್ಲಿ ಬೇಯಿಸಿ ಬಡಿಸುತ್ತಿದ್ದವರು ಅವರ ಅತ್ತಿಗೆ. ಇದನ್ನೆಲ್ಲ ಚಿಕ್ಕಮ್ಮ ವಿವರವಾಗಿ ಹೇಳಿದಷ್ಟೂ ಸಲಹೆಗಾರನ ಮುಖ ಸಣ್ಣದಾಗುತ್ತಿತ್ತು. ಕೊನೆಗೆ ಆತ, ಪಕ್ಕದ ಮನೆಯ ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಒಪ್ಪಿದರೆ ಅವರ ಫೋಟೋವನ್ನೇ ಹಾಕಬಹುದಲ್ಲ ಎಂದ. "ಅವರು ಖಾರ ಬಿಟ್ಟು ಎಷ್ಟೋ ವರ್ಷ ಆಯ್ತಪ್ಪ, ಮಜ್ಜಿಗೆ ಅನ್ನ ಬಿಟ್ಟು ಬೇರೇನೂ ತಿನ್ನಲ್ಲ" ಎಂದರು ಚಿಕ್ಕಮ್ಮ. ನಾನು ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಅಡುಗೆಮನೆಯಲ್ಲಿ ಹುರಿದ ಕೊತ್ತಂಬರಿ ಬೀಜವನ್ನು ಹಳೆಯ ಪಂಚೆಯ ಮೇಲೆ ಹರವಿ ಆರಲು ಬಿಟ್ಟಿದ್ದರು. ಬ್ಯಾಡಗಿ ಮೆಣಸಿನಕಾಯಿಯ ತೊಟ್ಟುಗಳು ಮೊರದಲ್ಲಿ ಗುಡ್ಡೆಯಾಗಿದ್ದವು. ಮೊಳೆಗೆ ನೇತುಹಾಕಿದ್ದ ಉದ್ದನೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಬಾರಿಯ ಅಳತೆ, ತಾರೀಖು, ಯಾರು ಏನೆಂದರು ಎಂಬ ಷರಾ ಎಲ್ಲವೂ ಇದ್ದವು. ಚಿಕ್ಕಪ್ಪ ಕೆಲಸ ಮಾಡುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿದ ವರ್ಷ, ಹಾಸ್ಟೆಲೊಂದರ ಅಡುಗೆ ಭಟ್ಟರಿಂದ ಅಳತೆ ಕೇಳಿ ತಿಳಿದುಕೊಂಡು ಚಿಕ್ಕಮ್ಮ ಈ ಕೆಲಸಕ್ಕೆ ಇಳಿದದ್ದು. ಅಂಗಡಿಗೆ ಕೊಟ್ಟ ಮೊದಲ ಪುಡಿಯಷ್ಟೂ ವಾಪಸ್ ಬಂದಿತ್ತು. ಮೆಂತ್ಯ ಸೀದು ಸಾರೆಲ್ಲ ಕಹಿಯಾಗಿತ್ತಂತೆ. ಅಂದಿನಿಂದ ಇಂದಿನವರೆಗೆ ಅವರು ಮೆಂತ್ಯವನ್ನು ಬೇರೆಯದರ ಜೊತೆ ಹುರಿದದ್ದಿಲ್ಲ, ಅದನ್ನು ಹುರಿಯುವಾಗ ಬಂದ ಫೋನನ್ನು ಎತ್ತಿದ್ದೂ ಇಲ್ಲ.

ನಾನು ಹೊರಗೆ ಬರುವಷ್ಟರಲ್ಲಿ ಸಲಹೆಗಾರ ಮೈಸೂರು ಸ್ಯಾಂಡಲ್ ಸೋಪಿನ ಉದಾಹರಣೆ ಕೊಡುತ್ತಿದ್ದ. ಮಹಾರಾಜರ ಕಥೆಯಿರುವುದರಿಂದಲೇ ಅದು ನೂರು ವರ್ಷ ದಾಟಿ ನಿಂತಿತು ಎಂಬುದು ಆತನ ವಾದ. ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ, ಪೊಟ್ಟಣದ ಮೇಲೆ ಆನೆಯ ತಲೆ ಸಿಂಹದ ದೇಹದ ಶರಭ, ಇವೆಲ್ಲ ನಿಜವೇ. ಆದರೆ ಆ ಕಥೆ ಶುರುವಾಗುವುದು ಅರಮನೆಯಲ್ಲಲ್ಲ, ಮಾರಾಟವಾಗದೆ ರಾಶಿಬಿದ್ದ ಗಂಧದ ಮರದಲ್ಲಿ. 1914ರಲ್ಲಿ ಮೊದಲ ಮಹಾಯುದ್ಧ ಹತ್ತಿಕೊಂಡು ಯುರೋಪಿಗೆ ಹೋಗಬೇಕಿದ್ದ ಮರ ಇಲ್ಲೇ ಉಳಿದದ್ದರಿಂದ ಎಣ್ಣೆಯನ್ನು ನಾವೇ ತೆಗೆಯಬೇಕಾಯಿತು. 1916ರಲ್ಲಿ ಆ ಕೆಲಸ ಆರಂಭವಾಗಿ, ಸೋಪು ಅದರ ಹಿಂದೆ ಬಂತು. ಎಂ.ಟಿ.ಆರ್.ನವರು ತಮ್ಮ ರವೆ ಇಡ್ಲಿಯ ಬಗ್ಗೆ ಹೇಳಿಕೊಂಡು ಬಂದಿರುವುದೂ ಇಂಥದ್ದೇ: ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ಹೋದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರು. ಎಷ್ಟೊಂದು ಹೆಮ್ಮೆಯಿಂದ ಹೇಳಿಕೊಳ್ಳುವ ಈ ಎರಡೂ ಕಥೆಗಳ ಬುಡದಲ್ಲಿರುವುದು ಒಂದು ಇಲ್ಲದಿರುವಿಕೆ, ಒಂದು ಪೇಚು. ಹಾಗಿರುವಾಗ ಕಾರ್ಖಾನೆ ಮುಚ್ಚಿದ್ದನ್ನು, ಮೆಂತ್ಯ ಸೀದದ್ದನ್ನು ಚಿಕ್ಕಮ್ಮ ಏಕೆ ಮುಚ್ಚಿಟ್ಟುಕೊಳ್ಳಬೇಕು?

ಇದನ್ನು ಹೇಳಿದಾಗ ತಮ್ಮ, "ಅಣ್ಣಾ, ಸೀದ ಕಥೆ ಓದಿದ್ರೆ ಯಾರಾದ್ರೂ ಪುಡಿ ತಗೋತಾರಾ?" ಎಂದ. ಅವನ ಆತಂಕವನ್ನು ತಳ್ಳಿಹಾಕುವಂತಿರಲಿಲ್ಲ. ಹಾಗೆ ನೋಡಿದರೆ ನಾನೂ ಶುದ್ಧನಲ್ಲ; ಹಿಂದೆ ಒಂದು ತಿಂಡಿಯ ಜಾಹೀರಾತಿಗೆ ಇಲ್ಲದ ಅಜ್ಜಿಯೊಬ್ಬರನ್ನು ಸೃಷ್ಟಿಸಿ, ಅವರಿಗೊಂದು ಮೂಗುತಿಯನ್ನೂ ತೊಡಿಸಿ, ಸಂಭಾವನೆ ಪಡೆದವನು. ಬಹುಶಃ ಅದಕ್ಕೇ "ನಮ್ಮಜ್ಜಿಗೆ ಅಡುಗೇನೇ ಬರ್ತಿರಲಿಲ್ಲ" ಎಂಬ ಮಾತು ಸಲಹೆಗಾರನಿಗಿಂತ ಹೆಚ್ಚಾಗಿ ನನಗೆ ತಾಗಿತು. ಆದರೆ ತಮ್ಮನೊಂದಿಗೆ ನಾನು ನೀತಿಯ ಮಾತಾಡಲಿಲ್ಲ, ಕಾನೂನಿನ ಮಾತಾಡಿದೆ. ಪೊಟ್ಟಣದ ಮೇಲೆ 'ಸಾಂಪ್ರದಾಯಿಕ' ಎಂಬ ಪದ ಬಳಸಬೇಕಾದರೆ, ಆ ಪಾಕ ತಲೆಮಾರುಗಳಿಂದ ನಡೆದುಬಂದದ್ದೆಂದು ತೋರಿಸುವಂತಿರಬೇಕು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳೇ ಹೇಳುತ್ತವೆ. ಸಲಹೆಗಾರ ಮೊಬೈಲಿನಲ್ಲಿ ಅದನ್ನು ಹುಡುಕಿ ಓದಿದ. ಹಿತ್ತಾಳೆಯ ಪಾತ್ರೆಯನ್ನೂ ಒರಳುಕಲ್ಲನ್ನೂ ತಾನೇ ತೆಗೆದುಹಾಕಿದ. ಮಳೆಯನ್ನು ಮಾತ್ರ ಉಳಿಸಿಕೊಳ್ಳೋಣ ಎಂದು ಕೇಳಿಕೊಂಡ. ಶಿವಮೊಗ್ಗದಲ್ಲಿ ಮಳೆಗೆ ಸಾಕ್ಷಿ ಬೇಕಿಲ್ಲವಾದ್ದರಿಂದ ಒಪ್ಪಿದೆವು.

ಸಂಜೆ ನಾಲ್ಕು ಸಾಲು ಬರೆದು ಚಿಕ್ಕಮ್ಮನಿಗೆ ಓದಿ ಹೇಳಿದೆ: ಮಳೆಗಾಲವೊಂದರಲ್ಲಿ ಚಿಕ್ಕಪ್ಪನ ಕೆಲಸ ಹೋದದ್ದು, ಭಟ್ಟರ ಅಳತೆ, ಮೂರು ಕಿಲೋ ಪುಡಿ ಕಹಿಯಾಗಿ ವಾಪಸ್ ಬಂದದ್ದು, ಅಂದಿನಿಂದ ಮೆಂತ್ಯವನ್ನು ಬೇರೆಯಾಗಿಯೇ ಹುರಿಯುತ್ತಿರುವುದು. ಅವರು ಕಣ್ಣುಮುಚ್ಚಿ ಕೇಳಿಸಿಕೊಂಡರು. ಮೆಚ್ಚಿದರೋ ಇಲ್ಲವೋ ತಿಳಿಯಲಿಲ್ಲ. ಎದ್ದು ಒಳಗೆ ಹೋಗಿ, ಮೊಳೆಯಿಂದ ನೋಟ್‌ಬುಕ್ಕನ್ನು ತೆಗೆದು ತಂದು, ಎಣ್ಣೆ ಜಿಡ್ಡಿಗೆ ಹಾಳೆ ಪಾರದರ್ಶಕವಾಗಿದ್ದ ಮೊದಲ ಪುಟವನ್ನು ನನ್ನ ಮುಂದೆ ಹಿಡಿದರು.

"ಮೂರಲ್ಲ ಕಣೋ, ನಾಲ್ಕು ಕಿಲೋ. ಸರಿ ಮಾಡು."