ಕಾರೈ ಕೊರಕಲಿನಲ್ಲಿ ಸಮುದ್ರದ ಚಿಪ್ಪು

ಕೋಲಾರದ ಬಂಡೆಯಲ್ಲಿ ಪಳೆಯುಳಿಕೆ ಹುಡುಕಿದರೆ ಸಿಗುವುದು ಬೆವರು ಮಾತ್ರ. ಚಿನ್ನದ ಗಣಿಯ ಕಪ್ಪು ಶಿಲೆಗೆ ಸುಮಾರು 270 ಕೋಟಿ ವರ್ಷ. ಚಿಪ್ಪಿನ ಜೀವಿಗಳೇ ಆಗ ಹುಟ್ಟಿರಲಿಲ್ಲ. ಆ ಗಟ್ಟಿ ಕಲ್ಲಿಗೆ ಒಗ್ಗಿದ ಕಣ್ಣಿಗೆ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕಾರೈ ಬೇರೆಯೇ ಲೋಕ. ಕೋಲಾರದಿಂದ ಅಲ್ಲಿಗೆ ಹೋಗುವ ಕೃಷ್ಣಗಿರಿ, ಸೇಲಂ, ಆತ್ತೂರು ದಾರಿಯಲ್ಲಿ ಹೇಳುವಂಥದ್ದೇನಿಲ್ಲ.

ಸುಮಾರು 10 ಕೋಟಿ ವರ್ಷದ ಹಿಂದೆ, ಕ್ರಿಟೇಷಿಯಸ್ ಕಾಲದಲ್ಲಿ, ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಜೇಡಿ ಈಗ ಕೊರಕಲು ಕೊರಕಲಾಗಿ ಸೀಳಿದೆ. ಬಿಸಿಲಿಗೆ ಮಿನುಗುವ ಪದರ ಕಂಡು ಚಿಪ್ಪೆಂದು ಹಿಗ್ಗಬೇಡಿ. ಉಗುರಿನಿಂದ ಗೀರಿ; ಗೀರು ಬಿದ್ದರೆ ಅದು ಜಿಪ್ಸಂ. ಬಂದೂಕಿನ ತೋಟಾದಂಥ ಕಂದು ಕಡ್ಡಿ ಬೆಲೆಮ್ನೈಟ್, ಸ್ಕ್ವಿಡ್‌ನ ನೆಂಟ. ಮುರಿದ ತುದಿಯಲ್ಲಿ ಹರಳುಗಳು ನಡುವಿನಿಂದ ಚಕ್ರದ ಅರೆಗಳಂತೆ ಹರಡಿದ್ದರೆ ಸಂಶಯವೇ ಬೇಡ.

ಎಲ್ಲರೂ ಹುಡುಕುವುದು ಸುರುಳಿ ಚಿಪ್ಪಿನ, ಈಗ ಅಳಿದುಹೋದ ಕಡಲಜೀವಿ ಅಮ್ಮೋನೈಟನ್ನು. ದೇವರ ಪೆಟ್ಟಿಗೆಯ ಸಾಳಿಗ್ರಾಮದ ಚಕ್ರವೂ ಇದೇ ಕುಲದ್ದು. ಸಾಳಿಗ್ರಾಮ ಸಿಗುವ ನೇಪಾಳದ ಗಂಡಕಿ ನದಿಯದು ಇನ್ನೂ ಹಳೆಯದು. ಆದರೆ ಕೊರಕಲಿನ ತಳದಲ್ಲಿ ಬಿದ್ದದ್ದು ಎಷ್ಟು ಚೆಂದವಿದ್ದರೂ ಅನಾಥ. ಅಮ್ಮೋನೈಟ್ ಜಾತಿಗಳು ಬೇಗ ಬೇಗ ಬದಲಾದ್ದರಿಂದ ಪದರದ ಕಾಲ ಅವುಗಳಿಂದ ತಿಳಿಯುತ್ತದೆ. ಯಾವ ಪದರದಿಂದ ಉರುಳಿತೆಂದು ಗೊತ್ತಿಲ್ಲದಿದ್ದರೆ ಆ ಸಾಕ್ಷ್ಯ ಹೋದಂತೆಯೇ. ಹಾಗಾಗಿ ಚೂರನ್ನು ಮುಟ್ಟದೆ ಇಳಿಜಾರು ಹತ್ತಬೇಕು. ಅಂಥದೇ ಚೂರುಗಳು ಕಾಣುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಂತುಬಿಡುತ್ತವೆ. ಅದರ ಆಸುಪಾಸಿನಲ್ಲೇ ಮೂಲ ಪದರ. ಅಲ್ಲಿ ಕುರ್ಪಿಯಿಂದ ಅಂಗೈಯಗಲ ಮಣ್ಣು ಕೆರೆದು, ಪಕ್ಕದಲ್ಲಿ ನಾಣ್ಯವಿಟ್ಟು ಫೋಟೋ ತೆಗೆದು, ಜಿಪಿಎಸ್ ಬರೆದುಕೊಂಡರೆ ಸಾಕು. ಕಿತ್ತು ಜೇಬಿಗಿಳಿಸುವವರ ಕೈಗೆ ಕೊನೆಗೆ ಉಳಿಯುವುದು ಪುಡಿಯೇ. ನೆರಳಿಲ್ಲ, ತಲಾ 3 ಲೀಟರ್ ನೀರು ಒಯ್ಯಿರಿ.

ಹತ್ತಿರದ ಸಾತ್ತನೂರಿನ ಕಲ್ಲಾದ ಮರ 18 ಮೀಟರ್ ಉದ್ದ. ಭವ್ಯ ಹೌದು, ಆದರೆ ಕಾರೈ ನೋಡಿದ ಕಣ್ಣಿಗೆ ಅದು ಪ್ರದರ್ಶನಕ್ಕಿಟ್ಟಂತೆ. ಅರ್ಧ ಗಂಟೆ ಸಾಕು.

ಮಳೆಯ ಮರುದಿನ ಮಾತ್ರ ಕೊರಕಲಿಗಿಳಿಯಬಾರದು. ಜೇಡಿ ಬೂಟಿಗೆ ಮುದ್ದೆಯಂತೆ ಮೆತ್ತಿ, ಹೆಜ್ಜೆಗೊಮ್ಮೆ ಒಂದೊಂದು ಕಿಲೋ ಏರುತ್ತದೆ. ಆ ಕೆಸರಿನಲ್ಲಿ ಒದ್ದಾಡುವಾಗಲೇ ಮೇಕೆ ಕಾಯುತ್ತಿದ್ದ ತಾತ, ನಾವು ಕೋಲಾರದವರೆಂದು ತಿಳಿದು, ತಮಿಳಿನಲ್ಲಿ ಕೇಳಿದರು: "ಚಿನ್ನ ನಿಮ್ಮೂರಲ್ಲೇ ಇತ್ತಲ್ಲಪ್ಪಾ, ಇಲ್ಲೇನು ಹುಡುಕ್ತೀರಿ?" ಚಿಪ್ಪು ಎಂದಾಗ ನಕ್ಕರು. "ಇವತ್ತು ಬಂದಿರಲ್ಲ! ನಾಲ್ಕು ದಿನ ಒಣಗಲಿ. ಮಳೆ ತೊಳೆದ ಮೇಲೆ ತಾವಾಗಿಯೇ ಎದ್ದು ಕೂತಿರುತ್ತವೆ."